ತಂಗಿಯ ಕಿಡ್ನಿಯೂ ನನ್ನ ಕಾವಲುಗಾರರೂ

ನನ್ನಷ್ಟು ಶೂರರನ್ನು ಮೈಯೊಳಗೆ ಸಾಕಿಕೊಂಡವನು ಶ್ರೀರಂಗಪಟ್ಟಣದಲ್ಲಿ ಇನ್ನೊಬ್ಬನಿಲ್ಲ. ಹೇಳುತ್ತಿರುವುದು ನನ್ನ ಬಿಳಿ ರಕ್ತಕಣಗಳ ವಿಷಯ. ವರ್ಷಕ್ಕೆ ನಾಲ್ಕು ಸಲ ನೆಗಡಿ ಬಂದಾಗ ಈ ವೀರರು ಎಲ್ಲಿ ಮಲಗಿರುತ್ತಾರೋ ದೇವರೇ ಬಲ್ಲ. ಆದರೆ ನನ್ನ ಕಿಡ್ನಿಗಳೆರಡೂ ಕೈಕೊಟ್ಟು, ಹೋದ ವರ್ಷ ತಂಗಿ ಜಯಮ್ಮ ತನ್ನದೊಂದನ್ನು ಕೊಟ್ಟು ನನ್ನನ್ನು ಉಳಿಸಿದಳು ನೋಡಿ, ಆಗ ಎದ್ದರು, ಯಾರೋ ಹೊರಗಿನವರು ನುಗ್ಗಿದ್ದಾರೆ ಅಂತ.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಹೊರಗಿನದು ಕಂಡ ಕೂಡಲೇ ಆ ಕಣದೊಳಗೆ ಕ್ಯಾಲ್ಸಿಯಂ ಏರುತ್ತದಂತೆ. ಅದರಿಂದ ಒಂದು ಕಿಣ್ವ ಎಚ್ಚೆತ್ತು, ಸುಮ್ಮನೆ ಕೂತಿದ್ದ ಪ್ರೋಟೀನೊಂದನ್ನು ಕಣದ ಒಳಕೋಣೆಗೆ ಅಟ್ಟುತ್ತದಂತೆ. ಅದು ಹೋಗಿ ಸೈಟೊಕೈನ್ ಜೀನುಗಳನ್ನು ಚಾಲೂ ಮಾಡಿತೋ, ಮುಗಿಯಿತು. ಸೈಟೊಕೈನ್ ಅಂದರೆ 'ಎಲ್ಲಾರೂ ಬನ್ರಪ್ಪೋ' ಅಂತ ಮೈಗೆಲ್ಲ ಕೂಗಿ ಜನ ಸೇರಿಸುವ ವಸ್ತು. ನನಗೆ ಬರೆದುಕೊಟ್ಟ ಮಾತ್ರೆ ಆ ಕಿಣ್ವವನ್ನೇ ಹಿಡಿದಿಡುತ್ತದೆ, ಆದೇಶ ಒಳಕೋಣೆ ಮುಟ್ಟುವುದಿಲ್ಲ. ನನಗೆ ಥಟ್ಟನೆ ಅರ್ಥವಾಯಿತು. ಕೆ.ಆರ್.ಎಸ್.ನ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ನಾನು ಮಾಡಿದ್ದೂ ಅದನ್ನೇ, ಸಾಹೇಬರ ಕೋಣೆಗೆ ಫೈಲು ಹೋಗದಂತೆ ನೋಡಿಕೊಳ್ಳುವುದು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಬದುಕಿರುವವರೆಗೂ ಮಾತ್ರೆ ತಪ್ಪಿಸಬಾರದು ಅಂದರು ಡಾಕ್ಟರು.

ಇಷ್ಟು ಚೆನ್ನಾಗಿ ಅರ್ಥವಾದವನು ತೆಪ್ಪಗಿರಬೇಕಿತ್ತು. ಪಾಂಡವಪುರದಿಂದ ಹಳೇ ಸಹೋದ್ಯೋಗಿ ಶಿವಣ್ಣ ನೋಡಲು ಬಂದ. ಇದು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಅಂದೆ. "ಸಕ್ತಿ ಬರ್ಲಿ ಅಂತ ಮಾತ್ರೆ ನುಂಗೋರ ಕಂಡಿವ್ನಿ, ಓಗ್ಲಿ ಅಂತ ನುಂಗೋನ್ನ ಇವತ್ತೇ ಕಣ್ಲಾ ನೋಡಿದ್ದು" ಅಂದ. ಮಾರನೆಯ ದಿನವೇ ಅಮೃತಬಳ್ಳಿ ಕಷಾಯ ಬಂತು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಮೂರು ಸಲ ಕೂತ ಶಿವಣ್ಣನ ಮಾತು ನನಗೆ ಡಾಕ್ಟರ ಮಾತಿಗಿಂತ ರುಚಿಸಿತು. ಮೂರು ವಾರ ಕಷಾಯ ಕುಡಿದೆ, ರಾತ್ರಿಯ ಮಾತ್ರೆ ಬಿಟ್ಟೆ. ಶಕ್ತಿಯೇನೋ ಬಂತು, ನನಗಲ್ಲ, ಆ ಶೂರರಿಗೆ. ಕಾಲು ಊದಿ, ಮೂತ್ರ ಕಡಿಮೆಯಾಗಿ ಆಸ್ಪತ್ರೆ ಸೇರಿದೆ. ಇನ್ನೆರಡು ದಿನ ತಡವಾಗಿದ್ದರೆ ಕಿಡ್ನಿ ಹೋಗುತ್ತಿತ್ತು ಅಂದರು ಡಾಕ್ಟರು. ಇನ್ನೂ ಏನೇನೋ ಅಂದರು, ಅವು ಬರೆಯುವಂಥವಲ್ಲ.

ಜಯಮ್ಮ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಬಿಂಡಿಗನವಿಲೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದಳು. ಬೈಯುತ್ತಾಳೆಂದುಕೊಂಡೆ. ಹಾಸಿಗೆ ಪಕ್ಕ ಕೂತು, "ನನ್ ಮ್ಯಾಲೆ ಕ್ವಾಪ ಇದ್ರೆ ನನ್ನೇ ಬಯ್ಯಣ್ಣ, ಅದೇನ್ ಮಾಡ್ತು ನಿಂಗೆ?" ಅಂದಳು.

ಕೋಪ ಇತ್ತು. ಹನ್ನೆರಡು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ಅವಳ ಗಂಡ ನನ್ನನ್ನು ಊಟಕ್ಕೆ ಎಬ್ಬಿಸಲಿಲ್ಲ. ಅಷ್ಟಕ್ಕೇ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಅಂತ ಗಾದೆ ಹೇಳಿ, ಅವಳನ್ನು ಗೌರಿ ಹಬ್ಬಕ್ಕೆ ಕರೆಯುವುದನ್ನೇ ನಿಲ್ಲಿಸಿದ್ದೆ. ಪಾಪ, ರಕ್ತಕಣಗಳನ್ನು ಬೈದು ಏನು ಬಂತು? ಅವು ಯಜಮಾನನ ಬುದ್ಧಿಯನ್ನೇ ಕಲಿತಿದ್ದವು. ಅವತ್ತು ನನಗೆ ನಿಜವಾಗಿ ನಾಚಿಕೆಯಾಯಿತು.

ಈ ಸಲ ಗೌರಿ ಹಬ್ಬಕ್ಕೆ ಕರೆಯಲು ನಾನೇ ಫೋನು ಮಾಡಿದೆ. ಸೀರೆ ತಂದಿಟ್ಟಿದ್ದೇನೆ, ಕರಿಘಟ್ಟದ ಗುಡಿಗೂ ಹೋಗಿಬರೋಣ ಅಂತೆಲ್ಲ ದೊಡ್ಡ ಮನಸ್ಸು ತೋರಿಸಿದೆ.

"ನಾನು ಓದ್ ವರ್ಸವೇ ಬಂದಿವ್ನಿ ಕಣಣ್ಣ, ಮೊದ್ಲು ಅದ್ನ ಇರುಸ್ಕೊ" ಅಂದಳು. ಆಮೇಲೆ, ಎಂಟು ಗಂಟೆ ಮಾತ್ರೆ ನುಂಗಿದೆಯಾ ಅಂತ ಕೇಳಿದಳು.

ನುಂಗಿದೆ ಅಂದೆ. ಗಡಿಯಾರ ನೋಡಿದರೆ ಎಂಟೂಕಾಲು. ಫೋನಿಟ್ಟು ನುಂಗಿದೆ.