ಮೊಂಡುಬಾಲದ ಅಜ್ಜಿ

ಎಲ್ಲ ರಗಳೆಗೂ ಕಾರಣ ತೋಳಿಗೆ ಸುತ್ತುವ ಒಂದು ಪಟ್ಟಿ. ತಿಂಗಳ ಹಿಂದೆ ಡಿಪೋದ ಡಾಕ್ಟರು ಅದನ್ನು ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರನ ತೋಳಿಗೆ ಸುತ್ತಿ, ಗಾಳಿ ತುಂಬಿ, "ನೂರಾ ಎಪ್ಪತ್ತು" ಎಂದಿದ್ದರು. ಇಪ್ಪತ್ತೆರಡು ವರ್ಷ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದವನನ್ನು ಆ ಒಂದು ಅಂಕಿ ಸ್ಟೀರಿಂಗಿನ ಮುಂದಿನಿಂದ ಎಬ್ಬಿಸಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಕೂರಿಸಿತು. ಅಲ್ಲಿ ಇನ್ನೂರ ಹದಿನಾರು ಛತ್ರಿಗಳೂ ಒಂದು ಜೊತೆ ಹಲ್ಲಿನ ಸೆಟ್ಟೂ ಇದ್ದವು. ಕಿಟಕಿ ಇರಲಿಲ್ಲ.

ಎರಡನೇ ಸಲ ನೋಡಿದಾಗ ನೂರಾ ಎಪ್ಪತ್ತೆರಡು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮೂರನೇ ಸಲ, ಅದೇ ಕೊನೆ. ಅವತ್ತೂ ಇಳಿಯದಿದ್ದರೆ ನಿವೃತ್ತಿಯವರೆಗೆ ಛತ್ರಿಗಳ ಜೊತೆಯೇ ಸಂಸಾರ.

"ನಿಮಗೆ ರೋಗ ಇಲ್ಲ, ಗಾಬರಿ ಇದೆ," ಎಂದಿದ್ದರು ಡಾಕ್ಟರು. "ಭಾನುವಾರ ರಾತ್ರಿ ಎಲ್ಲಾದ್ರೂ ನೀರಿನ ಹತ್ರ ಹೋಗಿ ಸುಮ್ಮನೆ ಕೂತುಬಿಡಿ. ರಕ್ತ ತಾನಾಗಿ ತಣ್ಣಗಾಗುತ್ತೆ. ನನ್ನ ಹಣೆಬರಹ ನೋಡಿ, ಈ ಭಾನುವಾರ ನಿಮ್ಮಂಥ ಇಪ್ಪತ್ತು ಜನರ ಫೈಲು ನೋಡ್ತಾ ಕೂರಬೇಕು."

ವಿಷಯ ಅವನ ಮನೆಯಿದ್ದ ಕಟ್ಟಡಕ್ಕೆಲ್ಲ ಗೊತ್ತಿತ್ತು. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಆಟದ ಸ್ಕೋರು ಕೇಳುವಂತೆ "ಇವತ್ತು ಎಷ್ಟಾಯ್ತು?" ಎನ್ನುತ್ತಿದ್ದರು. ಭಾನುವಾರ ಮಧ್ಯಾಹ್ನ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ತಮ್ಮದೇ ಬಿ.ಪಿ. ಯಂತ್ರ ಹಿಡಿದುಕೊಂಡು ಬಂದೇಬಿಟ್ಟರು.

"ಒಂದ್ಸಲ ನೋಡಿಬಿಡೋಣ, ಸಮಾಧಾನಕ್ಕೆ."

ನೂರಾ ಎಪ್ಪತ್ತೆಂಟು.

"ಹೆದರಬೇಡಿ. ನಮ್ಮ ಭಾವನಿಗೂ ಹೀಗೇ ಇತ್ತು. ಒಂದು ದಿನಾನೂ ನರಳಲಿಲ್ಲ, ಪುಣ್ಯಾತ್ಮ. ಕಾಫಿ ಲೋಟ ಕೆಳಗಿಟ್ಟವನು ಎದ್ದೇಳಲೇ ಇಲ್ಲ."

ಡ್ರೈವರ್ ಕೈಯಲ್ಲಿದ್ದ ಲೋಟವನ್ನು ಕೆಳಗಿಡಲು ಹೆದರಿ ಹಾಗೇ ಹಿಡಿದುಕೊಂಡು ಕೂತ. ಹೆಂಡತಿ ಬಂದು ಕಿತ್ತುಕೊಂಡಳು. "ರೀ, ನೀವು ಹೊರಡಿ. ಇಲ್ಲಿದ್ರೆ ಇವರೇ ಇನ್ನೂರು ದಾಟಿಸ್ತಾರೆ."

ಕರೆದುಕೊಂಡು ಹೋಗಲು ಬಂದವನು ಬಾಲ್ಯದ ಗೆಳೆಯ. ಗೋದಾಮಿನಲ್ಲಿ ರಾತ್ರಿ ಕಾವಲು ಕಾಯುವವನಾದ್ದರಿಂದ ಎಲ್ಲರಿಗೂ ಅವನು ಗೂಬೆ.

"ಗೆಂಡೆ ಮೀನು ಹಿಡಿಯೋದ್ರಲ್ಲಿ ಮಾಡೋಕೆ ಏನೂ ಇಲ್ಲ ಕಣೋ," ಎಂದ ಗೂಬೆ. "ಗಾಳ ಹಾಕೋದು, ಕೂರೋದು. ನೀನು ಆರಾಮಾಗಿ ಮಲಗು. ರಾತ್ರಿ ಎಚ್ಚರ ಇರೋದು ನನ್ನ ಉದ್ಯೋಗ."

ಕೆರೆಯ ದಡದಲ್ಲಿ ಒಂದು ಬೋರ್ಡಿತ್ತು: 'ಹಿಡಿದ ಮೀನನ್ನು ನೀರಿಗೆ ಮರಳಿ ಬಿಡತಕ್ಕದ್ದು.' ಡ್ರೈವರ್ ಅದನ್ನು ಎರಡು ಸಲ ಓದಿಕೊಂಡ. ಗೂಬೆ ಅವನನ್ನು ಬಾಗಿದ ಮರದ ಕೆಳಗಿನ ಚಪ್ಪಟೆ ಬಂಡೆಗೆ ಕರೆದೊಯ್ದ.

"ಇದು ಹಸಿರು ಛತ್ರಿ ಜಾಗ. ಇವತ್ತು ಬಂದಿಲ್ಲ, ನಮ್ಮ ಅದೃಷ್ಟ."

"ಯಾರು ಹಸಿರು ಛತ್ರಿ?"

"ಯಾರಿಗ್ಗೊತ್ತು. ಗಾಡಿ ಚಕ್ರದಷ್ಟು ಅಗಲದ ಹಸಿರು ಛತ್ರಿ, ಅದಕ್ಕೊಂದು ಕೆಂಪು ತೇಪೆ. ಕೆಳಗೆ ಎರಡು ಮೊಣಕಾಲು ಬಿಟ್ರೆ ಬೇರೇನೂ ಕಾಣಲ್ಲ. ಆರು ವರ್ಷದಿಂದ ಪ್ರತಿ ಭಾನುವಾರ ಮೊಂಡುಬಾಲದ ಅಜ್ಜಿಗೆ ಕಾಯ್ತಾನೆ. ಅರ್ಧ ಬಾಲ ಇಲ್ಲದ ಮುದಿ ಗೆಂಡೆ ಅದು. ಯಾರ ಗಾಳಕ್ಕೂ ಬಿದ್ದಿಲ್ಲ."

"ಬೇರೆಯವರ ಜಾಗದಲ್ಲಿ ಕೂತ್ರೆ ತಪ್ಪಲ್ವೇನೋ?"

"ಇದೇನು ಬಸ್ಸಿನ ಸೀಟಾ, ಕರ್ಚೀಫ್ ಹಾಕಿ ಹಿಡಿಯೋಕೆ? ಕೂತ್ಕೊ."

ಗೂಬೆ ಹಿಟ್ಟಿನ ಉಂಡೆ ಚುಚ್ಚಿ ಗಾಳ ಎಸೆದ. ಕೋಲನ್ನು ಡ್ರೈವರನ ಎಡಗಡೆ ನೆಟ್ಟ ಕವೆಗೋಲಿಗೆ ಒರಗಿಸಿ, ತುದಿಗೆ ಸಣ್ಣ ಗಂಟೆ ಸಿಕ್ಕಿಸಿದ. ಮೀನು ಎಳೆದರೆ ಗಂಟೆ ಹೊಡೆದುಕೊಳ್ಳುತ್ತದೆ, ಅಷ್ಟೇ.

ಹತ್ತು ಗಂಟೆಗೆ ಸರಿಯಾಗಿ ಗೂಬೆಯ ಗೊರಕೆ ಶುರುವಾಯಿತು. ಬೆನ್ನು ನೆಟ್ಟಗೆ, ಕೈಯಲ್ಲಿ ಟಾರ್ಚು, ಮುಖದಲ್ಲಿ ಕಳ್ಳನನ್ನು ಕಂಡಂಥ ಗಾಂಭೀರ್ಯ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಕಲಿತ ನಿದ್ದೆ ಅದು. ಅರ್ಧ ಗಂಟೆಗೊಮ್ಮೆ ನಿದ್ದೆಯಲ್ಲೇ "ಯಾರದು?" ಎಂದು ಗದರುತ್ತಿದ್ದ. ಪ್ರತಿ ಸಲವೂ ಡ್ರೈವರ್ ಬೆಚ್ಚಿಬಿದ್ದು "ನಾನೇ" ಎನ್ನುತ್ತಿದ್ದ.

ಅವನಿಗೆ ನಿದ್ದೆ ಎಲ್ಲಿಂದ ಬರಬೇಕು? ಕಪ್ಪೆ ಹಾರಿದರೆ ಎದೆ ಹಾರುತ್ತಿತ್ತು. ನಾಡಿ ಹಿಡಿದು ಎಣಿಸಿದ: ಎಂಬತ್ತೆಂಟು. ಎಂಬತ್ತೆಂಟಾಯಿತಲ್ಲ ಎಂಬ ಗಾಬರಿಗೆ ತೊಂಬತ್ತಾರು. ಸ್ವೆಟರ್ ಬಿಚ್ಚಿದ, ಹಾಕಿಕೊಂಡ, ಮತ್ತೆ ಬಿಚ್ಚಿದ. ಕಣ್ಣು ಮುಚ್ಚಿದರೆ ಇನ್ನೂರ ಹದಿನಾರು ಛತ್ರಿಗಳು ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದವು.

ನಾಲ್ಕರ ಸುಮಾರಿಗೆ, ಕೂತಲ್ಲೇ ಒಂದು ಜೋಂಪು ಹತ್ತಿತು. ಕನಸಿನಲ್ಲಿ ಹದಿನಾಲ್ಕನೇ ನಂಬರ್ ಬಸ್ಸು. ಟಿಣ್ ಎಂದು ಒಂದು ಗಂಟೆ ಕೇಳಿತು. ಬಲಗಾಲು ಬ್ರೇಕ್ ಒತ್ತಿತು. ಆಮೇಲೆ ಟಿಣ್ ಟಿಣ್, ಎರಡು ಗಂಟೆ. ಎರಡು ಗಂಟೆ ಅಂದರೆ ಹೊರಡು. ಎಡಗಾಲು ಕ್ಲಚ್ಚಿಗೆ ಹೋಯಿತು, ಎಡಗೈ ಗೇರನ್ನು ಹುಡುಕಿ ಗಾಳದ ಕೋಲನ್ನು ಹಿಡಿಯಿತು. ಮೊದಲನೇ ಗೇರು, ಮುಂದಕ್ಕೆ. ಬಲಗಾಲು ಜೋರಾಗಿ ಒತ್ತಿದ್ದಕ್ಕೆ ಚಹಾದ ಫ್ಲಾಸ್ಕು ನೀರಿಗೆ ಹಾರಿತು. ಎರಡನೇ ಗೇರು, ಹಿಂದಕ್ಕೆ.

ಎರಡನೇ ಗೇರು ಬೀಳಲಿಲ್ಲ. ಕೋಲು ಬಿಲ್ಲಿನಂತೆ ಬಾಗಿತ್ತು. ಡ್ರೈವರ್ ಕಣ್ಣುಬಿಟ್ಟ.

"ಗೂಬೆ, ಏಳೋ!"

"ಯಾರದು?"

"ಮೀನು ಕಣೋ!"

ಅರ್ಧ ಗಂಟೆ ಜಗ್ಗಾಡಿದ ಮೇಲೆ ಗೂಬೆ ಒಡ್ಡಿದ ಕೈಬಲೆಗೆ ಬಂದದ್ದು ಎಳೆಮಗುವಿನಷ್ಟು ಭಾರದ ಗೆಂಡೆ. ಟಾರ್ಚು ಬಿಟ್ಟ ಗೂಬೆಯ ಬಾಯಿ ತೆರೆದೇ ಉಳಿಯಿತು. ಬಾಲ ಅರ್ಧ ಮಾತ್ರ ಇತ್ತು.

ಡ್ರೈವರ್ ಬೋರ್ಡಿನ ಮಾತನ್ನು ಮೀರಲಿಲ್ಲ. ಮೊಣಕಾಲುದ್ದ ನೀರಿಗಿಳಿದು ಅಜ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅದರ ಕಿವಿರು ಮೆಲ್ಲಗೆ ತೆರೆದು ಮುಚ್ಚುತ್ತಿತ್ತು. ತನ್ನ ಉಸಿರೂ ಅದೇ ಲಯಕ್ಕೆ ಬಂದದ್ದು ಅವನಿಗೆ ತಿಳಿಯಲೇ ಇಲ್ಲ. ಅಜ್ಜಿ ಒಮ್ಮೆ ಮೊಂಡುಬಾಲ ಬೀಸಿ ಹೊರಟುಹೋಯಿತು. ತಿಂಗಳಿಂದ ಎದೆಯೊಳಗೆ ಗುರುಗುಟ್ಟುತ್ತಿದ್ದ ಇಂಜಿನ್ನನ್ನು ಯಾರೋ ಕೀಲಿ ತಿರುಗಿಸಿ ನಿಲ್ಲಿಸಿದಂತಾಯಿತು. ಬಂಡೆಯ ಮೇಲೆ ಒರಗಿದವನು ಏಳೂವರೆಯವರೆಗೆ ಅಲುಗಾಡದೆ ಮಲಗಿದ.

ಒಂಬತ್ತಕ್ಕೆ, ಒದ್ದೆ ಪ್ಯಾಂಟಿನಲ್ಲೇ, ಡಾಕ್ಟರ ಮುಂದೆ ಕೂತ. ಗೂಬೆ ಬಾಗಿಲಲ್ಲಿ ನಿಂತಿದ್ದ.

"ನೂರಾ ಇಪ್ಪತ್ತೆಂಟು," ಎಂದರು ಡಾಕ್ಟರು. "ಭೇಷ್. ಇವತ್ತು ಮಧ್ಯಾಹ್ನವೇ ಬಸ್ಸು ತಗೊಳ್ಳಿ." ಸರ್ಟಿಫಿಕೇಟು ಎಳೆದುಕೊಂಡು ಪೆನ್ನು ತೆರೆದರು. "ನಾನು ಹೇಳಿದ ಹಾಗೆ ನೀರಿನ ಹತ್ರ ಹೋಗಿದ್ರಿ ತಾನೆ?"

"ಹೋಗಿದ್ದೆ ಸರ್."

ಗೂಬೆಗೆ ತಡೆಯಲಾಗಲಿಲ್ಲ. "ಬರೀ ಹೋಗಿದ್ದಲ್ಲ ಸರ್, ಮೊಂಡುಬಾಲದ ಅಜ್ಜಿನೇ ಹಿಡಿದುಬಿಟ್ಟ. ಅಲ್ಲೊಬ್ಬ ಹಸಿರು ಛತ್ರಿಯವನು ಆರು ವರ್ಷದಿಂದ ಮೊಣಕಾಲು ಮಡಚಿಕೊಂಡು ಕೂತಿದ್ದೇ ಬಂತು. ನಮ್ಮವನು ನಿದ್ದೆಗಣ್ಣಲ್ಲಿ ಹಿಡಿದ."

ಪೆನ್ನು ನಿಂತಿತು.

ತಿಂಗಳಿಡೀ ಛತ್ರಿಗಳ ನಡುವೆ ಇದ್ದವನ ಕಣ್ಣು ಯಾವ ಕೋಣೆಗೆ ಹೋದರೂ ಮೊದಲು ಮೂಲೆ ನೋಡುವುದನ್ನು ರೂಢಿಮಾಡಿಕೊಂಡಿತ್ತು. ಈಗಲೂ ನೋಡಿತು. ಬೀರುವಿನ ಪಕ್ಕದ ಮೂಲೆಯಲ್ಲಿ ಭಾರಿ ಛತ್ರಿಯೊಂದು ಒರಗಿತ್ತು. ಹಸಿರು. ಕೆಂಪು ತೇಪೆ. ತುದಿಯಲ್ಲಿ ಒಣಗಿದ ಕೆಸರು.

"ಬಾಲದ ಮೇಲರ್ಧ ಇರಲಿಲ್ವಾ, ಕೆಳಗಿನರ್ಧಾನಾ?" ಡಾಕ್ಟರ ದನಿ ಬಹಳ ಮೆತ್ತಗಿತ್ತು.

"ಮೇಲರ್ಧ ಸರ್."

"ಈಗ ಎಲ್ಲಿದೆ?"

"ಬಿಟ್ಟುಬಿಟ್ಟೆ ಸರ್. ಬೋರ್ಡಲ್ಲಿ ಬರೆದಿತ್ತು."

ಡಾಕ್ಟರು ಕಣ್ಣು ಮುಚ್ಚಿ ತೆರೆದರು. "ಯಾವ ಜಾಗ?"

ಡ್ರೈವರ್ ಕುರ್ಚಿಯ ಅಂಚಿಗೆ ಸರಿದ. "ಬಾಗಿದ ಮರದ ಕೆಳಗೆ," ಎಂದು ಗೂಬೆಯೇ ಹೇಳಿ ಉಪಕಾರ ಮಾಡಿದ.

"ಕೈ ಕೊಡಿ. ಇನ್ನೊಂದ್ಸಲ ನೋಡೋಣ."

ಪಟ್ಟಿ ಉಬ್ಬಿತು.

"ನೂರಾ ಎಂಬತ್ತಾರು." ಡಾಕ್ಟರು ಸರ್ಟಿಫಿಕೇಟನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದರು. "ಇಷ್ಟು ಏರುಪೇರು ಇದ್ರೆ ಸಹಿ ಹಾಕೋ ಹಾಗಿಲ್ಲ."

"ಇದೇ ಕೊನೆ ಅಂದಿದ್ರಿ ಸರ್."

"ಅಂದವನು ನಾನೇ, ಮುಂದಕ್ಕೆ ಹಾಕೋನೂ ನಾನೇ. ಭಾನುವಾರ ನಾಲ್ಕು ಗಂಟೆಗೆ ಕೆರೆ ಹತ್ರ ಬನ್ನಿ, ನಾನೂ ಬರ್ತೀನಿ. ಗಾಳದ ಹಿಟ್ಟು ನೀವೇ ಕಲಸಿ. ಅಜ್ಜಿ ನನ್ನ ಕೈಗೆ ಸಿಕ್ಕಿದ ದಿನ ನಿಮ್ಮ ಬಿ.ಪಿ. ಇಳಿಯುತ್ತೆ, ನನಗೆ ನಂಬಿಕೆ ಇದೆ."

ಡ್ರೈವರ್ ಎದ್ದ.

"ಹೋಗ್ತಾ ಆ ಛತ್ರಿ ತಗೊಂಡು ಹೋಗಿ," ಎಂದರು ಡಾಕ್ಟರು. "ನಿಮ್ಮ ಹತ್ರ ಭದ್ರವಾಗಿರುತ್ತೆ. ಭಾನುವಾರ ಮರೀದೆ ತನ್ನಿ."

ಹತ್ತು ಗಂಟೆಗೆ ಡ್ರೈವರ್ ಕಿಟಕಿಯಿಲ್ಲದ ಕೋಣೆಯ ಬೀಗ ತೆಗೆದು, ಇನ್ನೂರ ಹದಿನೇಳನೆಯ ಛತ್ರಿಯನ್ನು ಗೋಡೆಗೆ ಒರಗಿಸಿದ.