ಸೇತುವೆಯಡಿಯ ಸಿಹಿಜೋಳದವರಿಗೆ

ಶ್ರೀಮಾನ್ ಆರ್ಲೊ ಬೆಕ್‌ವಿತ್ ಅವರಿಗೆ,
ಡೆಪ್ಯುಟಿ ಶೆರೀಫರು, ಲಿಂಡ್‌ಮನ್ ಕೌಂಟಿ, ನೆಬ್ರಾಸ್ಕ.

ವಿಷಯ: ಕಳೆದ ಆಗಸ್ಟ್ ಹನ್ನೊಂದರಂದು ಹೆದ್ದಾರಿಯಲ್ಲಿ ತಾವು ನಮ್ಮ ಕುಟುಂಬಕ್ಕೆ ದಾರಿ ತೋರಿಸಿದ್ದರ ಬಗ್ಗೆ ಕೃತಜ್ಞತಾಪೂರ್ವಕ ತಕರಾರು.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕಾರಿನ ಆರೋಗ್ಯ, ಆ ಕಾರಿನ ಕಿಟಕಿಯಿಂದ ಸದಾ ಮೂಗು ಹೊರಗಿಟ್ಟಿರುವ, ವೇಗ ಅಳೆಯುವ ರಾಡಾರ್ ಗನ್ನಿನ ಆರೋಗ್ಯ, ಮೂರೂ ಸುಖವಾಗಿವೆಯೆಂದು ನಂಬಿ, ಅಯೋವಾದ ಹತ್ತೊಂಬತ್ತು ವರ್ಷದ ನೆಡ್ರಾ ಹೋಲ್ಕಮ್ ಎಂಬ ನಾನು ತಮ್ಮ ಕೌಂಟಿಯ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಕೈಜೋಡಿಸಿ ನಿಂತಿದ್ದೇನೆ.

ದಿನಕ್ಕೆ ಹತ್ತಾರು ಕುಟುಂಬಗಳನ್ನು ಉದ್ಧರಿಸುವ ತಮಗೆ ನಮ್ಮದೊಂದು ನೆನಪಿರಬೇಕೆಂದು ಆಗ್ರಹಿಸುವುದು ಉದ್ಧಟತನವಾದೀತು. ಆದ್ದರಿಂದ ಗುರುತು ಹೇಳುತ್ತೇನೆ. ಕಂದು ಬಣ್ಣದ ಉದ್ದ ಕಾರು. ಸ್ಟಿಯರಿಂಗ್ ಹಿಡಿದಿದ್ದವರು ನಮ್ಮಪ್ಪ ಡೆಲ್ಮರ್ ಹೋಲ್ಕಮ್, ಪಕ್ಕದಲ್ಲಿ ನಕಾಶೆಯನ್ನು ಬೀಸಣಿಗೆ ಮಾಡಿಕೊಂಡಿದ್ದವರು ನಮ್ಮಮ್ಮ ಲವಾನ್, ಹಿಂದಿನ ಸೀಟಿನಲ್ಲಿ ನಾನು ಮತ್ತು ಐಸ್ ಪೆಟ್ಟಿಗೆಯಲ್ಲಿ ಐದು ಸೇರು ಆಲೂಗೆಡ್ಡೆ ಸಲಾಡ್. ನಾವು ವಯೋಮಿಂಗಿನ ಅಜ್ಜಿಯ ಮನೆಗೆ ಹೊರಟಿದ್ದೆವು. ಅಪ್ಪ ಹೊಟ್ಟೆಪಾಡಿಗೆ ಲಾರಿ ಓಡಿಸುವವರು. ಆ ವರ್ಷ ಅವರಿಗೆ ವೇಗ ಮೀರಿದ್ದಕ್ಕೆ ಪೊಲೀಸರ ಚೀಟಿ ಎರಡು ಬಿದ್ದಾಗಿತ್ತು. ಮೂರನೆಯದು ಕೋರ್ಟಿನಲ್ಲಿ ನಿಂತಿತೆಂದರೆ ಒಂದು ವರ್ಷ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದ ಲಾರಿ ಚಾಲಕನನ್ನು ನಮ್ಮ ಕಡೆ ಯಾರೂ ಏನೂ ಅನ್ನುವುದಿಲ್ಲ, ಕೆಲಸಕ್ಕೆ ಮಾತ್ರ ಕರೆಯುವುದಿಲ್ಲ. ಆ ಮೂರನೆಯ ಚೀಟಿಯ ವಿಚಾರಣೆ, ತಮಗೆ ಗೊತ್ತಿರುವಂತೆ, ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ, ತಮ್ಮ ಕೌಂಟಿ ಕೋರ್ಟಿನಲ್ಲಿ ಇದೆ.

ಇಷ್ಟು ತಿಳಿದೂ ಅಪ್ಪ ವೇಗವಾಗಿ ಹೋದದ್ದೇಕೆ ಎಂದು ತಾವು ಕೇಳಬಹುದು. ಮಾನ್ಯರೇ, ಅವರು ಹೋಗಲಿಲ್ಲ. ಮೂರು ಗಂಟೆಗಳ ಕಾಲ, ಗೀಟು ಎಳೆದಂತಿರುವ ಆ ರಸ್ತೆಯಲ್ಲಿ, ಎರಡೂ ಬದಿ ಜೋಳವನ್ನು ಬಿಟ್ಟು ಬೇರೇನನ್ನೂ ಕಾಣದೆ, ಸರ್ಕಾರ ಹೇಳಿದ ಐವತ್ತೈದು ಮೈಲಿಯ ವೇಗದಲ್ಲೇ ವ್ರತ ಹಿಡಿದವರಂತೆ ಸಾಗಿದರು. ಆಮೇಲೆ ಒಂದು ಶವವಾಹನ ನಮ್ಮನ್ನು ಹಿಂದೆ ಹಾಕಿತು. ಅದರ ಹಿಂಬದಿಯ ಗಾಜಿನಲ್ಲಿ ಹೂವಿನ ಚಕ್ರ ಕಾಣಿಸುತ್ತಿತ್ತು. ಅಮ್ಮ ಬೀಸಣಿಗೆ ನಿಲ್ಲಿಸಿ, “ನೋಡು ಡೆಲ್ಮರ್, ಸತ್ತೋರಿಗೂ ನಮಗಿಂತ ಅವಸರ ಇದೆ,” ಎಂದರು. ಅಪ್ಪ ಕೈ ಚಾಚಿ, ರಸ್ತೆಯ ಚಾಲಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೋದ ಮೈಕು ತೆಗೆದುಕೊಂಡರು.

ಇಲ್ಲಿ ನಮ್ಮ ರಸ್ತೆಯ ಜನರ ಒಂದು ಪದ್ಧತಿಯನ್ನು, ತಮಗೆ ಚೆನ್ನಾಗಿ ಗೊತ್ತಿದ್ದರೂ, ಪತ್ರಿಕೆಯ ಇತರ ಓದುಗರಿಗಾಗಿ ಹೇಳಬೇಕಾಗಿದೆ. ಹತ್ತೊಂಬತ್ತನೇ ಚಾನೆಲ್ಲಿನಲ್ಲಿ ಒಬ್ಬರಿಗೊಬ್ಬರು ಮುಖ ಕಾಣದ ಚಾಲಕರು ಸಾಲು ಕಟ್ಟುತ್ತಾರೆ. ಎಲ್ಲರಿಗಿಂತ ಮುಂದೆ ಹೋಗುವವನು ಮುಂಬಾಗಿಲು: ಎದುರಿಗೆ ಪೊಲೀಸರು, ಅಂದರೆ ನಮ್ಮ ಭಾಷೆಯಲ್ಲಿ ಕರಡಿ, ಕಂಡರೆ ಕೂಗಿ ಹೇಳುವುದು ಅವನ ಹೊಣೆ. ಕೊನೆಯಲ್ಲಿರುವವನು ಹಿಂಬಾಗಿಲು, ಬೆನ್ನ ಹಿಂದಿನದನ್ನು ಅವನು ನೋಡಿಕೊಳ್ಳುತ್ತಾನೆ. ನಡುವೆ ಇರುವವನು ತೂಗುಕುರ್ಚಿಯಲ್ಲಿ ಕೂತ ಹಾಗೆ, ನಿಶ್ಚಿಂತ. ಯಾರೂ ನಿಜವಾದ ಹೆಸರು ಹೇಳುವುದಿಲ್ಲ, ಅಡ್ಡಹೆಸರಷ್ಟೇ, ಆದರೆ ಮುಂಬಾಗಿಲಾದವನು ಸುಳ್ಳು ಹೇಳಿದ್ದನ್ನು ಅಪ್ಪ ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ.

ಅಪ್ಪ ನಾವಿದ್ದ ಮೈಲಿಗಲ್ಲಿನ ಸಂಖ್ಯೆ ಹೇಳಿ, “ಒಂಟಿ ಕಾಲ್ಚೀಲ ಮಾತಾಡ್ತಿರೋದು. ಪಶ್ಚಿಮಕ್ಕೆ ಹೋಗೋರಿಗೆ ಮುಂಬಾಗಿಲು ಯಾರಾದ್ರೂ ಇದ್ದೀರೇನಪ್ಪಾ?” ಎಂದು ಕೇಳಿದರು. ಬೆನ್ನ ಹಿಂದಿನಿಂದ ಒಬ್ಬ ದನದ ಲಾರಿಯವನು, “ತುಕ್ಕು ಬಕೆಟ್ಟು ಇದ್ದೀನಿ, ಹಿಂಬಾಗಿಲು ನಂದು,” ಎಂದ. ಆಮೇಲೆ, ಕೊರಕೊರ ಸದ್ದಿನ ನಡುವೆ, ದೂರದಿಂದ, ಬೆಣ್ಣೆ ಸವರಿದಂಥ ಒಂದು ದನಿ ಬಂತು: “ಬಾ ಗುರೂ ಬಾ. ಸಿಹಿಜೋಳ ಅಂತಾರೆ ನನ್ನ. ನಿನಗಿಂತ ಮೂರು ಮೈಲಿ ಮುಂದಿದ್ದೀನಿ, ಎಪ್ಪತ್ತೆರಡು ಹೊಡೀತಿದ್ದೀನಿ. ದಾರಿ ತೊಳೆದಿಟ್ಟ ತಟ್ಟೆ ಹಾಗಿದೆ. ಕಾಲು ಒತ್ತು, ನಾಚ್ಕೋಬೇಡ.”

ಆ ಮುಂದಿನ ಏಳೆಂಟು ನಿಮಿಷಗಳನ್ನು ನಾನು ಸಾಯುವವರೆಗೂ ಮರೆಯಲಾರೆ. ಆ ಬೆಣ್ಣೆ ದನಿಯಲ್ಲಿ ತಾವು ಎದುರುಗಾಳಿಯ ಬಗ್ಗೆ ಹೇಳಿದಿರಿ. ಎಡಗಡೆ ಲೇನಿನಲ್ಲಿ ಬಿದ್ದಿರುವ ಟಯರಿನ ತುಂಡಿನ ಬಗ್ಗೆ ಎಚ್ಚರಿಸಿದಿರಿ. ಅಪ್ಪ ಬಲಕ್ಕೆ ಸರಿದರು, ಟಯರಿನ ತುಂಡು ನಿಜಕ್ಕೂ ಅಲ್ಲಿತ್ತು. ಒಮ್ಮೆ, “ಅಯ್ಯಯ್ಯೋ ತಡಿ ಗುರೂ, ಜಿಂಕೆ… ಹೋಯ್ತು ಹೋಯ್ತು, ಬದುಕ್ತು ಬಡಪಾಯಿ,” ಎಂದು ತಾವು ಉಸಿರು ಬಿಟ್ಟಾಗ ನಮ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಅಪ್ಪ ತಮಗೆ ಕೆಲಸದ ಕಷ್ಟ ಹೇಳಿಕೊಂಡರು. ಎರಡು ಚೀಟಿ ಬಿದ್ದ ವಿಷಯವನ್ನೂ ಹೇಳಿದರು. “ಎರಡಾ? ಹಾಗಿದ್ರೆ ನನ್ನ ಬಾಲ ಬಿಡಬೇಡ ಕಾಲ್ಚೀಲ, ನಾನಿದ್ದೀನಲ್ಲ,” ಎಂದಿರಿ ತಾವು.

ಈ ನಡುವೆ, ಪೊಲೀಸರ ರಾಡಾರ್ ಪತ್ತೆಹಚ್ಚುವ ನಮ್ಮ ಡಬ್ಬಿ ಕಿರುಚತೊಡಗಿತು. ಅದಕ್ಕೆ ಅಮ್ಮ “ಚಿಕ್ಕಮ್ಮ ಎಡ್ನಾ” ಎಂದು ಹೆಸರಿಟ್ಟಿದ್ದಾರೆ. ಕಾರಣ, ದೊಡ್ಡ ಅಂಗಡಿಗಳ ತಾನಾಗಿ ತೆರೆಯುವ ಬಾಗಿಲು ಕಂಡರೂ ಅದು ಮೈಗೆ ಬೆಂಕಿ ಬಿದ್ದವರ ಹಾಗೆ ಅರಚುತ್ತದೆ. ಆ ಬಾಗಿಲುಗಳಲ್ಲೂ ರಾಡಾರ್ ಇರುತ್ತದಂತೆ. ಆದರೂ ಅಪ್ಪ ವೇಗ ಇಳಿಸಿ, “ಸಿಹಿಜೋಳ, ನನ್ನ ಡಬ್ಬಿ ಯಾಕೋ ಅಳ್ತಿದೆ,” ಎಂದು ವಿನಯದಿಂದ ವಿಚಾರಿಸಿದರು. ತಾವು ನಕ್ಕಿರಿ. ಎಂಥ ನಗು ಮಾನ್ಯರೇ ಅದು, ಅಕ್ಕರೆ ಉಕ್ಕುವ ನಗು! “ಅದಾ? ಟಾರ್ಬೆಟ್ ಊರಿನ ಬೇಕರಿ ಬಾಗಿಲು ಕಣೋ. ತಾನೇ ತೆಗಿಯತ್ತೆ, ತಾನೇ ಮುಚ್ಚತ್ತೆ. ದಿನಾ ಎಲ್ಲರ ಡಬ್ಬೀನೂ ಅಳಸತ್ತೆ. ವೈರು ಕಿತ್ತು ಬಿಸಾಕು, ತಲೆನೋವು.”

ಅಪ್ಪ ವೈರು ಕಿತ್ತು, ಮತ್ತೆ ಎಪ್ಪತ್ತೆರಡಕ್ಕೆ ಕಾಲು ಒತ್ತಿದರು. “ಕಣ್ಣೆದುರು ಕೂತು ಕೂಗ್ತಿರೋಳ ಬಾಯಿ ಮುಚ್ಚಿಸಿ, ಮುಖಾನೇ ನೋಡದವನ ಮಾತು ಕೇಳ್ತೀಯಲ್ಲ,” ಎಂದರು ಅಮ್ಮ. “ಲವಾನ್, ಅವನು ಮುಂಬಾಗಿಲು,” ಎಂದರು ಅಪ್ಪ, ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಭೂಮಿಯ ಮೇಲಿಲ್ಲ ಎಂಬಂತೆ.

ನನ್ನ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ರೇಡಿಯೋದ ಮುಖದ ಮೇಲೆ ಬರುವ ದನಿಯ ಬಲ ತೋರಿಸುವ ಮುಳ್ಳೊಂದಿದೆ. ನಮ್ಮಷ್ಟೇ ವೇಗದಲ್ಲಿ ಮೂರು ಮೈಲಿ ಮುಂದೆ ಹೋಗುತ್ತಿರುವವನ ದನಿ ಎಷ್ಟಿತ್ತೋ ಅಷ್ಟೇ ಇರಬೇಕು. ತಮ್ಮ ದನಿಯಾದರೋ ನಿಮಿಷ ನಿಮಿಷಕ್ಕೂ ಹಿಗ್ಗುತ್ತಿತ್ತು. ಮುಳ್ಳು ಏರುತ್ತ ಏರುತ್ತ ಬಲತುದಿಗೆ ಹೋಗಿ ಒರಗಿತು. ಹಿಂದಿನ ಸೀಟಿನಿಂದ ಅದನ್ನು ನಾನು ಕಂಡೆ. ಕಂಡು, ಆಹಾ, ಎಷ್ಟು ಒಳ್ಳೆಯ ರೇಡಿಯೋ ಇಟ್ಟುಕೊಂಡಿದ್ದಾನೆ ಪುಣ್ಯಾತ್ಮ ಎಂದುಕೊಂಡೆ. ಸರ್ಕಸ್ಸಿನ ಒಂಟೆ ತಪ್ಪಿಸಿಕೊಂಡು ಹೆದ್ದಾರಿಗೆ ಬಂದಿದೆಯೆಂದು ಹದಿನೈದನೇ ವಯಸ್ಸಿನಲ್ಲೇ ಇದೇ ಚಾನೆಲ್ಲಿನಲ್ಲಿ ಸಾರಿ, ನಲವತ್ತು ಲಾರಿಗಳನ್ನು ಆಮೆನಡಿಗೆಗೆ ಇಳಿಸಿದ್ದವಳು ನಾನು. ಅಂಥ ನನಗೇ ಹೊಳೆಯಲಿಲ್ಲವೆಂದರೆ ತಮ್ಮ ಕಲೆಗೆ ಬೇರೆ ಸರ್ಟಿಫಿಕೇಟು ಬೇಡ.

ಟಾರ್ಬೆಟ್ ಊರಿನ ಸೇತುವೆಯಡಿ ತಾವು ನಿಂತಿದ್ದಿರಿ. ನಿಂತಿದ್ದಿರಿ ಎಂಬ ಮಾತನ್ನು ಓದುಗರು ದಯವಿಟ್ಟು ಇನ್ನೊಮ್ಮೆ ಓದಬೇಕು. ಮೂರು ಮೈಲಿ ಮುಂದೆ ಎಪ್ಪತ್ತೆರಡರಲ್ಲಿ ಗಾಳಿ ಸೀಳುತ್ತ, ಜಿಂಕೆಯ ಪ್ರಾಣ ಉಳಿಸುತ್ತ ಹೋಗುತ್ತಿದ್ದ ಮಹಾನುಭಾವರು, ಎಂಜಿನ್ ಆರಿಸಿ, ನೆರಳಲ್ಲಿ, ತೊಡೆಯ ಮೇಲೆ ಕಾಗದದ ಕರವಸ್ತ್ರ ಹಾಸಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದಿರಿ. ಅಪ್ಪ ಕಾರನ್ನು ಬದಿಗೆ ತಂದು, ಕೈ ಎರಡನ್ನೂ ಸ್ಟಿಯರಿಂಗಿನ ಮೇಲಿಟ್ಟು ಕೂತರು. ತಾವು ಕಿಟಕಿಗೆ ಬಂದಿರಿ. “ಸಾರ್, ನಮ್ಮನೆ ಊಟ ಈ ಲೈಸೆನ್ಸಿನ ಮೇಲಿದೆ ಸಾರ್. ಮುಂದೆ ಹೋದೋನು ಏನೂ ಇಲ್ಲ ಬಾ ಅಂದ, ಬಂದೆ,” ಎಂದರು ಅಪ್ಪ. ತಾವು ಚೀಟಿ ಬರೆಯುತ್ತಲೇ, ಅದೇ ಬೆಣ್ಣೆ ದನಿಯಲ್ಲಿ, “ಸಿಕ್ಕಿದ್ರೆ ಅವನನ್ನ ಕೇಳು ಕಾಲ್ಚೀಲ,” ಎಂದಿರಿ.

ಅಪ್ಪನ ಮುಖ ಹೇಗಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ. ಅವರು ಅಜ್ಜಿಯ ಮನೆ ಮುಟ್ಟುವವರೆಗೆ ಐವತ್ತೈದನ್ನು ದಾಟಲಿಲ್ಲ, ಮೈಕನ್ನೂ ಮುಟ್ಟಲಿಲ್ಲ. ಈಗಲೂ ಮುಟ್ಟುವುದಿಲ್ಲ. ಅಮ್ಮ, “ಮಾತಾಡೋ ಮಾರಾಯ, ಬೈಯೋದಾದ್ರೂ ಬೈ,” ಎಂದು ಕಾಡುತ್ತಾರೆ.

ಇರಲಿ, ಇದು ದೂರಲ್ಲ, ಸ್ತುತಿ. ಕೂತಲ್ಲೇ ಕೂತು ಗಂಟೆಗೆ ಎಪ್ಪತ್ತೆರಡು ಮೈಲಿ ಪಯಣಿಸುವ ಸಿದ್ಧಿಯನ್ನು ತಾವು ತಮ್ಮೊಬ್ಬರಲ್ಲೇ ಇಟ್ಟುಕೊಂಡಿರುವುದು ದೇಶಕ್ಕೆ ನಷ್ಟ. ಪೆಟ್ರೋಲು ಖರ್ಚಿಲ್ಲ, ಟಯರು ಸವೆಯುವುದಿಲ್ಲ. ವಾಷಿಂಗ್ಟನ್ನಿನವರು ಐವತ್ತೈದರ ಕಾನೂನು ತಂದು ಎಣ್ಣೆ ಉಳಿಸಲು ಹೆಣಗುತ್ತಿರುವಾಗ, ತಾವು ಒಂದು ತೊಟ್ಟೂ ಸುಡದೆ ಅದೇ ಕಾನೂನನ್ನು ಮೀರಿ ತೋರಿಸಿದ್ದೀರಿ.

ಕಳೆದ ತಿಂಗಳು ನಾನು ಟಾರ್ಬೆಟ್ಟಿಗೆ ತೀರ್ಥಯಾತ್ರೆಯ ಭಾವದಲ್ಲೇ ಹೋಗಿ, ಎಲ್ಲರ ಡಬ್ಬಿಯನ್ನೂ ಅಳಿಸುವ ಆ ಬೇಕರಿಯ ಬಾಗಿಲಿನ ದರ್ಶನ ಪಡೆದೆ. ಅದು ಮರದ್ದು. ತಳ್ಳಿದರೂ ಒಂದೇ ಸಲಕ್ಕೆ ತೆರೆಯುವುದಿಲ್ಲ; ಭುಜ ಕೊಡಬೇಕು. ಬೇಕರಿಯಮ್ಮ ಮಿಸೆಸ್ ವೋಟಾವ ನನ್ನ ಮಾತು ಕೇಳಿ, “ತಾನೇ ತೆಗಿಯತ್ತಾ? ಆರ್ಲೊ ಹೇಳಿದ್ನಾ? ಮಳೆ ಬಂದು ಉಬ್ಕೊಂಡಾಗ ಅವನೇ ಒಳಗೆ ಸಿಕ್ಕಾಕ್ಕೊಂಡು ಅರ್ಧ ಗಂಟೆ ಬಡ್ಕೊಂಡಿದಾನೆ!” ಎಂದು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಆದ್ದರಿಂದ ನನ್ನ ಮೊದಲ ಬಿನ್ನಹ: ತಮ್ಮ ಮಾತು ಸುಳ್ಳಾಗಬಾರದು, ಕೌಂಟಿಯ ವತಿಯಿಂದ ಅವರಿಗೊಂದು ತಾನಾಗಿ ತೆರೆಯುವ ಬಾಗಿಲು ಹಾಕಿಸಿಕೊಡಿ. ಹಾಗೆಯೇ ಆ ಜಿಂಕೆಯನ್ನೂ ಹುಡುಕಿಸಿ, ಸಾಕ್ಷಿಯಾಗಿ ಇವತ್ತು ಕೋರ್ಟಿಗೆ ಕರೆತರಬೇಕೆಂದು ಕೋರುತ್ತೇನೆ. ಅಲ್ಲಿ ಪ್ರಮಾಣ ಮಾಡುವಾಗ ತಾವು ಆ ದಿನ ಎಪ್ಪತ್ತೆರಡರಲ್ಲಿ ಓಡುತ್ತಿದ್ದಿರೋ, ಸೇತುವೆಯಡಿ ಕೂತಿದ್ದಿರೋ ಎರಡರಲ್ಲೊಂದನ್ನು ತಮಗೆ ಅನುಕೂಲವಾದಂತೆ ಆರಿಸಿಕೊಳ್ಳಿ. ಮೊದಲನೆಯದಾದರೆ ತಮಗೂ ಒಂದು ಚೀಟಿ ಬೇಕಾಗುತ್ತದೆ, ಎರಡನೆಯದಾದರೆ “ಬಾ ಗುರೂ ಬಾ” ಎಂದವರು ಯಾರೆಂದು ನ್ಯಾಯಾಧೀಶರು ಕೇಳಬಹುದು. ಕಡೆಯದಾಗಿ, ಇಷ್ಟೆಲ್ಲ ಸಾಮರ್ಥ್ಯವಿರುವ ತಾವು ನನ್ನನ್ನು ಶಿಷ್ಯೆಯಾಗಿ ಸ್ವೀಕರಿಸಬೇಕು. ಸ್ಯಾಂಡ್‌ವಿಚ್ಚು ನಾನೇ ತರುತ್ತೇನೆ.

ತಮ್ಮ ಅಮೂಲ್ಯ ಸಮಯವನ್ನು ಇಷ್ಟು ಧಾರಾಳವಾಗಿ ನನಗಾಗಿ ವ್ಯಯಿಸಿದ್ದಕ್ಕೆ ಮತ್ತೆ ಮತ್ತೆ ವಂದಿಸುತ್ತ,

ತಮ್ಮ ವಿಶ್ವಾಸಿ,
ನೆಡ್ರಾ ಹೋಲ್ಕಮ್
(ಕಾಲ್ಚೀಲದವರ ಮಗಳು)

ತಾ. ಕ.: ಹಿಡಿದ ಅಧಿಕಾರಿ ಸರಿಯಾಗಿ ಹತ್ತಕ್ಕೆ ಹಾಜರಿಲ್ಲದಿದ್ದರೆ ತಮ್ಮ ನ್ಯಾಯಾಧೀಶರು ಕೇಸನ್ನು ಅಲ್ಲೇ ವಜಾ ಮಾಡುತ್ತಾರೆಂದು ಕೋರ್ಟಿನ ಗುಮಾಸ್ತೆ ಹೇಳಿದರು. ತಾವು ಪ್ರತಿ ಗುರುವಾರ ಒಂಬತ್ತಕ್ಕೆ ಊರ ಹೋಟೆಲಿನಲ್ಲಿ ಕೂತು, ಈ ಪತ್ರಿಕೆಯನ್ನು ಒಂದಕ್ಷರ ಬಿಡದೆ ಕೊನೆಯ ಪುಟದವರೆಗೆ ಓದಿ, ಒಂಬತ್ತೂವರೆಗೆ ಎದ್ದು, ಮೂವತ್ತನಾಲ್ಕು ಮೈಲಿ ದೂರದ ಕೋರ್ಟನ್ನು ಹತ್ತಕ್ಕೆ ಮುಟ್ಟುತ್ತೀರೆಂದು ಅಲ್ಲಿನ ಅಡುಗೆಯವರು ಹೆಮ್ಮೆಯಿಂದ ಹೇಳಿದರು. ಅದು ಗಂಟೆಗೆ ಅರವತ್ತೆಂಟು ಮೈಲಿಯಾಗುತ್ತದೆ, ಹೋಗಲಿ ಬಿಡಿ. ಆ ದಿನ ಚಾನೆಲ್ಲಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ತುಕ್ಕು ಬಕೆಟ್ಟಿನವರು ಹಾಗೂ ಅವರ ಇಪ್ಪತ್ತೊಂದು ಮಂದಿ ಮಿತ್ರರು ಈಗ ತಮ್ಮ ಊರಿಂದ ಕೋರ್ಟಿನವರೆಗೆ ಹೆದ್ದಾರಿಯ ಎರಡೂ ಲೇನುಗಳಲ್ಲಿ, ಜೋಡಿ ಜೋಡಿಯಾಗಿ, ಗಂಟೆಗೆ ನಲವತ್ತೊಂದು ಮೈಲಿಯಲ್ಲಿ ಸಾಗುತ್ತಿದ್ದಾರೆ; ಆ ವೇಗದಲ್ಲಿ ಕೋರ್ಟು ಐವತ್ತು ನಿಮಿಷದ ದಾರಿ. ಕನಿಷ್ಠ ವೇಗ ನಲವತ್ತು ಎಂದು ತಮ್ಮ ಇಲಾಖೆಯ ಫಲಕವೇ ಹೇಳುತ್ತದೆ. ಹಳೆಯ ರಸ್ತೆಯಲ್ಲಿ ಜೋಳದ ಕೊಯ್ಲು ಯಂತ್ರಗಳಿವೆ, ಅವು ಅಷ್ಟೂ ಓಡುವುದಿಲ್ಲ. ಸೈರನ್ ಹಾಕಿದರೆ ಎಲ್ಲರೂ ಮರ್ಯಾದೆಯಿಂದ ದಾರಿ ಬಿಡುತ್ತಾರೆ, ಯಾವ ತುರ್ತಿಗೆ ಹಾಕಿದಿರೆಂದು ತಾವು ಆಮೇಲೆ ದಫ್ತರದಲ್ಲಿ ಬರೆದರಾಯಿತು. ಪತ್ರ ಉದ್ದವಾಯಿತೆಂದು ಬೇಸರಿಸಬೇಡಿ. ತಾವು ಓದಿ ಮುಗಿಸುವಾಗ ಸರಿಯಾಗಿ ಒಂಬತ್ತೂವರೆಯಾಗುವಂತೆ, ಅಮ್ಮನನ್ನು ಕೂರಿಸಿಕೊಂಡು, ಗಡಿಯಾರ ಹಿಡಿದು, ನಾಲ್ಕು ಸಲ ಗಟ್ಟಿಯಾಗಿ ಓದಿಸಿ ಅಳೆದು ಬರೆದದ್ದು.