ಕಂಡಕ್ಟರನ ಪರಟಿ ಬಟ್ಟಲ

ನನ್ನ ಮನಿಗೆ ಮಂದಿ ಬರೂದಿಲ್ರಿ, ಫಜೀತಿ ಮಾತ್ರ ವಿಳಾಸ ಕೇಳ್ಕೊಂಡು ಬರತಾವ. ಮೂವತ್ತು ವರ್ಷ ಬೆಳಗಾವಿ-ಖಾನಾಪುರ ಬಸ್ಸಿನ ಕಂಡಕ್ಟರ್ ಆಗಿದ್ನಿ. ದಿನಾ ನೂರು ಮಂದಿ ನನ್ನ ಕಾಲು ತುಳೀತಿದ್ರು. ರಿಟೈರ್ ಆದ ಮ್ಯಾಲ ಹೆಂಡ್ತಿ ತೀರಿಕೊಂಡ್ಲು, ಮಕ್ಕಳಿಲ್ಲ. ಬೆಳಗಾವಿ ಖಾಸಬಾಗದಾಗ ಬಾಡಿಗಿ ಮನಿ, ಎರಡು ಖೋಲಿ, ನಾನೊಬ್ಬಾಂವ. ಈಗ ಕಾಲು ತುಳಿಯಾಕ ಒಂದು ಬೆಕ್ಕೂ ಇಲ್ಲ. ಕೈ ಸುಮ್ನ ಕುಂತ್ರ ತಲಿ ಕೆಡತೈತಿ ಅಂತ ತೆಂಗಿನ ಪರಟಿ, ಅಂದ್ರ ಚಿಪ್ಪು, ತಿಕ್ಕಿ ಬಟ್ಟಲ ಮಾಡಾಕ ಶುರು ಮಾಡಿದ್ನಿ.

೧. ಸೋರೂ ಬಟ್ಟಲ

ಮೊದಲನೇ ಬಟ್ಟಲ ನಾಕು ದಿನ ತಗೊಂತು. ಮ್ಯಾಲಿನ ನಾರು ಚಾಕೂಲೆ ಹೆರದ್ನಿ, ಪಾಲಿಶ್ ಪೇಪರ್ ಹಚ್ಚಿ ತಿಕ್ಕಿದ್ನಿ, ಕಡೀಕ ಕೊಬ್ಬರಿ ಎಣ್ಣಿ ಸವರಿದ್ನಿ. ಏನು ಮಿಂಚಿತ್ರಿ ಅದು! ಅದರಾಗ ಚಾ ಸುರುವಿಕೊಂಡು ಸಾಹೇಬನಂಗ ಕಟ್ಟಿ ಮ್ಯಾಲ ಕುಂತ್ನಿ. ಬಾಯಿಗೆ ಮುಟ್ಟೂದ್ರಾಗ ಚಾ ಎಲ್ಲಾ ಧೋತರದಾಗ.

ಖಾನಾಪುರದ ಕಡೆ ಹಲಸಿ ಊರಾಗಿರೂ ಅಕ್ಕಗ ಫೋನ್ ಹಚ್ಚಿದ್ನಿ.

"ಎಲಾ ಖೋಡಿ, ಮೂರು ಕಣ್ಣಿರೂ ಹೋಳು ತಗೊಂಡಿ ಏನು? ಅದರಾಗ ಒಂದು ಕಣ್ಣು ಮೆತ್ತಗಿರತೈತಿ, ಅಲ್ಲೇ ಸೋರತೈತಿ. ಕೆಳಗಿನ ಹೋಳು ತಗೋಬೇಕು!"

ಬೈತಾ ಬೈತಾ ತನ್ನ ಮೊಣಕಾಲು ಬ್ಯಾನಿ, ಎಮ್ಮಿ ಈದಿದ್ದು, ಬಾಜು ಮನಿ ಜಗಳ, ಎಲ್ಲಾ ಹೇಳಿದ್ಲು. ಮುಕ್ಕಾಲು ತಾಸು! ಹೆಂಡ್ತಿ ಹೋದ ಮ್ಯಾಲ ನನ್ನ ಜೋಡಿ ಯಾರೂ ಅಷ್ಟೊತ್ತು ಮಾತಾಡಿದ್ದಿಲ್ಲ.

ಎರಡನೇ ಬಟ್ಟಲನೂ ಕಣ್ಣಿರೂ ಹೋಳಿಲೇ ಮಾಡಿದ್ನಿ. ಬೈಸ್ಕೊಳ್ಳಾಕ ಏನಾರ ಕಾರಣ ಬೇಕಲ್ರಿ!

೨. ಬಾಜು ಸೀಟು

ಅಕ್ಕ ಒಂದು ಮದುವಿ ಮನ್ಯಾಗಿನ ಪರಟಿ ಕೂಡಿಸಿ ಚೀಲ ತುಂಬಿ ಇಟ್ಟಿದ್ಲು. ಅದನ್ನ ತಗೊಂಡು ಖಾನಾಪುರದಾಗ ಬೆಳಗಾವಿ ಬಸ್ ಹತ್ತಿದ್ನಿ. ಬಸ್ ಅರ್ಧ ಖಾಲಿ, ನನ್ನ ಬಾಜೂಕ ಯಾರೂ ಇಲ್ಲ. ಚೀಲನ್ನ ಅಲ್ಲಿ ಕುಂದರಿಸಿದ್ನಿ.

ಕಂಡಕ್ಟರ್ ಹೊಸಾಂವ, ನನ್ನ ಗುರ್ತಿಲ್ಲ. "ಕಾಕಾ, ಚೀಲ ಕೆಳಗಿಡ್ರಿ. ಇಲ್ಲಾಂದ್ರ ಅದಕ್ಕೂ ಟಿಕೀಟು ತಗೋರಿ" ಅಂದ. ಮೂವತ್ತು ವರ್ಷ ಮಂದಿಗೆ ನಾನಽ ಅಂದ ಮಾತು ಅದು! ನನಗ ಸಿಟ್ಟು ನೆತ್ತಿಗೇರಿತು.

"ಕೊಡಪಾ ಟಿಕೀಟು" ಅಂದ್ನಿ.

ಟಿಕೀಟು ತಗೊಂಡ ಮ್ಯಾಲ ಅದೂ ಪ್ಯಾಸೆಂಜರ್ ಅಲ್ರಿ? ರಸ್ತೆದ ತಗ್ಗಿಗೆ ಬಸ್ ಜಿಗಿದಾಗೊಮ್ಮೆ ಪರಟಿ ಲಟಲಟ ಅಂತಿದ್ವು, ನಾನೂ "ಹೂಂ, ಹೂಂ, ಆಮ್ಯಾಲ?" ಅಂತಿದ್ನಿ. ಹಿಂದಿನ ಸೀಟಿನ ಹೆಣ್ಮಗಳು ಗಂಡಗ ಸಣ್ಣಗ ಹೇಳಿದ್ದು ಕೇಳಿಸ್ತು: "ಏಳ್ರಿ, ಮುಂದ ಹೋಗಿ ಕುಂದರೂಣು."

೩. ಮೂರನೇ ಬಾಗಲಾ

ಆ ಚೀಲನೂ ಮುಗೀತು. ಓಣ್ಯಾಗ ಮನಿಮನಿಗೆ ಹೋಗಿ ಪರಟಿ ಕೇಳೂದು ಅಂತ ಹೊಂಟ್ನಿ. ಖರೇ ಹೇಳ್ತೇನ್ರಿ, ಪರಟಿ ಬರೇ ನೆಪ. ಯಾರಾರ "ಬರ್ರಿ, ಕುಂದರ್ರಿ" ಅಂದ್ರ ಸಾಕಾಗಿತ್ತು. ನಾ ಮಾಡಿದ್ದು ತೋರಸಾಕ ಅಂತ ಒಂದು ಚೆಂದನ್ನ ಬಟ್ಟಲ ಕೈಯಾಗ ಹಿಡಕೊಂಡಿದ್ನಿ. ಗಡ್ಡ ಬೋಳಿಸಿ ವಾರ ಆಗಿತ್ತು, ಅಂಗಿ ತುಂಬ ಪರಟಿ ಪುಡಿ.

ಮೊದಲ್ನೇ ಮನಿ ಕೀಲಿ. ಎರಡನೇ ಮನ್ಯಾಗ ಕಿಡಕ್ಯಾಗಿಂದನಽ "ಏನೂ ಬ್ಯಾಡ್ರಿ" ಅಂದ್ರು. ಮೂರನೇ ಮನಿಗೆ ಒಂದು ಮುಸಲ್ಮಾನ ಕುಟುಂಬ ಹೊಸದಾಗಿ ಬಾಡಿಗಿ ಬಂದಿತ್ತು. ಆ ಮನಿ ಹೆಣ್ಮಗಳು ಬಾಗಲಾ ತಗದ್ಲು. ನಾನು ಬಟ್ಟಲ ಮುಂದ ಮಾಡಿ "ಅವ್ವಾರ..." ಅನ್ನೂದ್ರಾಗ ಆಕಿ "ಒಂದು ನಿಮಿಷ ನಿಂದರ್ರಿ ಚಾಚಾ" ಅಂತ ಒಳಗ ಓಡಿದ್ಲು. ಬಂದು ಬಟ್ಟಲ ತುಂಬ ಬಿಸಿ ಬದನಿಕಾಯಿ ಪಲ್ಯ ಹಾಕಿ, ಮ್ಯಾಲ ಎರಡು ರೊಟ್ಟಿ ಇಟ್ಲು.

ಅಯ್ಯ ಶಿವನ! ಖಾಕಿ ಹಾಕ್ಕೊಂಡು ಬಸ್ಸು ನಡುಗಿಸಿದ ನಾನು ಭಿಕ್ಷುಕ! "ನಾ ಬೇಡಾಕ ಬಂದಾಂವ ಅಲ್ಲವಾ" ಅನ್ನಾಕ ಬಾಯಿ ತಗದ್ನಿ. ಅಷ್ಟರಾಗ ಪಲ್ಯದ ವಾಸನಿ ಮೂಗಿಗೆ ಬಡೀತು. ಎರಡು ವರ್ಷದಿಂದ ನನ್ನ ಕೈಯಿನ ಅರೆಬೆಂದ ಅನ್ನ ತಿಂದ ಬಾಯಿ ಅದು. ತಗದ ಬಾಯಿಲೇ "ನಿನ್ನ ಹೊಟ್ಟಿ ತಣ್ಣಗಿರಲಿ" ಅಂದು ಬಂದುಬಿಟ್ನಿ.

ಮನ್ಯಾಗ ಕುಂತು ತಿಂದ್ನಿ. ಕಣ್ಣಾಗ ನೀರು ಬಂದ್ವು. ಖಾರ ಏನೂ ಜಾಸ್ತಿ ಇರಲಿಲ್ಲ.

ಮರುದಿನ ಮಧ್ಯಾಹ್ನ ಯಾರೋ ನನ್ನ ಬಾಗಲಾ ಬಡದ್ರು. ನೋಡಿದ್ರ ಆಕಿನಽ, ಕೈಯಾಗ ಸ್ಟೀಲಿನ ಡಬ್ಬಿ. ನನ್ನ ಮನಿ ಎಲ್ಲಿ ಅಂತ ಓಣ್ಯಾಗ ಕೇಳ್ಕೊಂಡು ಬಂದಿದ್ಲು. "ಇವತ್ತ ಬರಲೇ ಇಲ್ರಿ ಚಾಚಾ, ಆರಾಮ ಇಲ್ಲೇನೋ ಅಂತ ನಾನಽ ತಂದ್ನಿ" ಅಂದ್ಲು.

"ಬರ್ರಿ, ಕುಂದರ್ರಿ" ಅಂದ್ನಿ. ಯಾರಿಂದಾರ ಕೇಳಬೇಕು ಅಂತ ಹೊಂಟ ಮಾತು ನನ್ನ ಬಾಯಿಂದನಽ ಬಂತು.

ಒಳಗ ಬಂದ ಆಕಿ ಗ್ವಾಡಿಗುಂಟ ಸಾಲಾಗಿ ಇಟ್ಟಿದ್ದ ಇಪ್ಪತ್ತೆರಡು ಬಟ್ಟಲ ನೋಡಿ ಗಾಬರಿಯಾಗಿ ನಿಂತುಬಿಟ್ಲು.

"ಯಾ ಅಲ್ಲಾ! ದಿನಾ ಇಷ್ಟು ಮನಿ ತಿರಗತೀರೇನ್ರಿ ಚಾಚಾ?"

ಈಗರ ಖರೇ ಹೇಳಬೇಕು ಅಂತ ಮತ್ತ ಬಾಯಿ ತಗದ್ನಿ. ಡಬ್ಬಿ ನೋಡಿದ್ನಿ, ಆಕಿ ಮುಖ ನೋಡಿದ್ನಿ.

"ಇಲ್ಲವಾ" ಅಂದ್ನಿ, "ನಿಮ್ಮದೊಂದಽ ಮನಿ."